ಎಲ್ಲ ಟಾಸ್ಕೂ ಮುಖ್ಯವಾದಾಗ: ತಡವಾಗಿ ಊದಿದ ಜೆಟ್‌ನ ಪ್ರಕರಣ

ಇದು ವಸ್ತುಗಳನ್ನು ವಿಂಗಡಿಸುವ ಒಂದು ಯಂತ್ರದ ಕಥೆ. ಯಾರು ಮಾಡಿದ್ದು, ಎಲ್ಲಿ ಓಡುತ್ತಿತ್ತು ಅನ್ನುವುದು ಇಲ್ಲಿ ಬೇಡ. ಅಂಕಿಗಳನ್ನೂ ಗುರುತು ಸಿಗದಷ್ಟು ತಿದ್ದಿದ್ದೇನೆ, ಲೆಕ್ಕ ಮಾತ್ರ ಕೂಡಿಬರುವಂತೆ ಇಟ್ಟಿದ್ದೇನೆ. ನಾನು ಆ ತಂಡದವನಲ್ಲ, ಫರ್ಮ್‌ವೇರ್ (ಯಂತ್ರದೊಳಗೆ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್) ಪರಿಶೀಲನೆಗೆ ಹೊರಗಿನಿಂದ ಸೇರಿಕೊಂಡವನು.

ಹಿನ್ನೆಲೆ

ಯಂತ್ರದ ಬೆಲ್ಟ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡುತ್ತದೆ. ಅದರ ಮೇಲೆ ಸಣ್ಣ ವಸ್ತುಗಳು ಸಾಲಾಗಿ ಬರುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ 20 ಮಿ.ಮೀ. ಅಂತರ. ಅಂದರೆ ತುಂಬಾ ಬಿಡುವಿಲ್ಲದ ಹೊತ್ತಿನಲ್ಲಿ 10 ಮಿಲಿಸೆಕೆಂಡಿಗೆ (ಮಿ.ಸೆ.) ಒಂದು ವಸ್ತು. ಸೆನ್ಸರ್ ನೋಡುತ್ತದೆ, ಸಾಫ್ಟ್‌ವೇರ್ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನಿಸುತ್ತದೆ, 60 ಮಿ.ಮೀ. ಮುಂದೆ ಇರುವ ಗಾಳಿಯ ಜೆಟ್ ಕೆಟ್ಟದ್ದನ್ನು ಪಕ್ಕಕ್ಕೆ ಊದುತ್ತದೆ. ವಸ್ತು ಜೆಟ್ ಮುಂದೆ ಬಂತು ಅಂತ ಟೈಮರ್ ಹೇಳಿದ ಮೇಲೆ 3 ಮಿ.ಸೆ. ಒಳಗೆ ವಾಲ್ವ್ ತೆರೆಯಬೇಕು. ಅಷ್ಟರಲ್ಲಿ ವಸ್ತು 6 ಮಿ.ಮೀ. ಮುಂದೆ ಹೋಗಿರುತ್ತದೆ, ಅಲ್ಲಿಯವರೆಗೆ ಗಾಳಿ ಸರಿಯಾಗಿ ತಾಗುತ್ತದೆ.

ಒಳಗೆ ಒಂದೇ ಕೋರ್‌ನ ಕಾರ್ಟೆಕ್ಸ್-ಎಂ ಮೈಕ್ರೋಕಂಟ್ರೋಲರ್, ಅಂದರೆ ಒಂದು ಹೊತ್ತಿಗೆ ಒಂದೇ ಕೆಲಸ ಮಾಡಬಲ್ಲ ಸಣ್ಣ ಕಂಪ್ಯೂಟರ್ ಚಿಪ್. ಮೇಲೊಂದು ಸಣ್ಣ ಆರ್‌ಟಿಒಎಸ್, ಅಂದರೆ ಯಾವ ಕೆಲಸ ಯಾವಾಗ ಓಡಬೇಕು ಅಂತ ನಿರ್ಧರಿಸುವ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂ. ಆರು ಟಾಸ್ಕ್‌ಗಳು, ಅಂದರೆ ಸರದಿಯಲ್ಲಿ ಓಡುವ ಬೇರೆ ಬೇರೆ ಕೆಲಸಗಳು: ಬೆಲ್ಟ್ ವೇಗ ಕಾಯುವುದು, ಜೆಟ್ ಊದುವುದು, ವಸ್ತು ವರ್ಗೀಕರಿಸುವುದು, ಹೋಸ್ಟ್ ಕಂಪ್ಯೂಟರಿನ ಜೊತೆ ಸಂವಹನ, ಪರದೆ, ಲಾಗ್ (ನಡೆದದ್ದರ ದಾಖಲೆ). ಲಾಗ್ ಬರೆಯುವ ಫ್ಲಾಶ್ ಮೆಮೊರಿ ಚಿಪ್ ಮತ್ತು ವಾಲ್ವ್‌ಗಳನ್ನು ತೆರೆಯುವ ಡ್ರೈವರ್ ಚಿಪ್ ಎರಡೂ ಒಂದೇ ಎಸ್‌ಪಿಐ ಬಸ್ (ಚಿಪ್‌ಗಳು ಮಾತಾಡಿಕೊಳ್ಳಲು ಹಂಚಿಕೊಳ್ಳುವ ತಂತಿಗಳು) ಮೇಲೆ ಕೂತಿದ್ದವು. ಬೋರ್ಡ್ ಮಾಡಿದವರಿಗೆ ಪಿನ್ ಉಳಿತಾಯವಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಯಾವ ಟಾಸ್ಕ್ ಮೊದಲು ಓಡಬೇಕು ಅಂತ ಹೇಳುವ ಪ್ರಯಾರಿಟಿಗೆ 0ಯಿಂದ 7ರವರೆಗೆ ಎಂಟು ಹಂತ, ದೊಡ್ಡ ಸಂಖ್ಯೆ ಮೇಲು. ಮೇಲಿನದು ಎದ್ದರೆ ಕೆಳಗಿನದು ನಿಂತು ಕಾಯುತ್ತದೆ. ನಾನು ನೋಡಿದಾಗ ಬೆಲ್ಟ್, ಪರದೆ, ಜೆಟ್ ಮೂರೂ 6ರಲ್ಲಿದ್ದವು. ಸಂವಹನ, ವರ್ಗೀಕರಣ 5ರಲ್ಲಿ, ಲಾಗ್ 3ರಲ್ಲಿ. ಕೋಡ್ ಬದಲಾವಣೆಗಳ ದಾಖಲೆ ತೆಗೆದು ನೋಡಿದರೆ ಹೀಗಾದದ್ದು ಹೇಗೆ ಅಂತ ಗೊತ್ತಾಗುತ್ತಿತ್ತು. ಪರದೆ ಮುಟ್ಟಿದರೆ ನಿಧಾನ ಅಂತ ಯಾರೋ ಹೇಳಿದರು, ಪರದೆ ಮೇಲೇರಿತು. ಹೋಸ್ಟ್‌ನಲ್ಲಿ ಟೈಮ್‌ಔಟ್ ಬಂತು, ಸಂವಹನ ಮೇಲೇರಿತು. ಪಕ್ಕದಲ್ಲಿ ‘ತಾತ್ಕಾಲಿಕ’ ಅಂತ ಒಂದು ಟಿಪ್ಪಣಿ. ತಾತ್ಕಾಲಿಕ ಅಂತ ಬರೆದ ಸಾಲಿಗೆ ಎಷ್ಟು ಆಯಸ್ಸು ಅಂತ ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಒಟ್ಟಿನಲ್ಲಿ ಆ ಸಂಖ್ಯೆಗಳಲ್ಲಿ ಇದ್ದದ್ದು ಹಳೆಯ ದೂರುಗಳ ಪಟ್ಟಿ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಕಾಯಲು ಆಗುತ್ತದೆ ಅನ್ನುವ ಮಾಹಿತಿ ಎಲ್ಲೂ ಇರಲಿಲ್ಲ.

ಸಮಸ್ಯೆ

ಅಪರೂಪಕ್ಕೊಮ್ಮೆ ಕೆಟ್ಟ ವಸ್ತು ಹಾಗೇ ದಾಟಿ ಹೋಗಿ, ಅದರ ಹಿಂದಿನ ಒಳ್ಳೆಯದು ಹಾರಿಹೋಗುತ್ತಿತ್ತು. ವರ್ಗೀಕರಣವೇ ತಪ್ಪಾಗುತ್ತಿದೆ ಅಂತ ಮೊದಲು ಎಲ್ಲರೂ ಅಂದುಕೊಂಡರು. ಲಾಗ್ ನೋಡಿದರೆ ತೀರ್ಮಾನ ಸರಿಯಾಗೇ ಇತ್ತು. ಊದಿದ ಹೊತ್ತು ತಪ್ಪಾಗಿತ್ತು. ಜೆಟ್ ಸುಮಾರು 9 ಮಿ.ಸೆ. ತಡ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಅದು 18 ಮಿ.ಮೀ., ಅಂದರೆ ಹೆಚ್ಚುಕಡಿಮೆ ಹಿಂದೆ ಬರುವ ವಸ್ತುವಿನ ನೆತ್ತಿ.

ಟೆಸ್ಟ್ ಮೇಜಿನ ಮೇಲೆ ಇದು ಸಿಗುತ್ತಲೇ ಇರಲಿಲ್ಲ. ಅಲ್ಲಿ ಯಾರೂ ಪರದೆ ಮುಟ್ಟುತ್ತಿರಲಿಲ್ಲ, ಅಲ್ವಾ? ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಕಿರಿಯ ಎಂಜಿನಿಯರ್ ಒಬ್ಬರು ಆಪರೇಟರ್ ಪಕ್ಕದಲ್ಲೇ ನಿಂತು ನೋಡಿ ಒಂದು ವಿಷಯ ಹಿಡಿದರು. ಆಪರೇಟರ್ ಪರದೆಯಲ್ಲಿ ಇತಿಹಾಸದ ಪುಟ ತೆರೆದಾಗಲೇ ಇದು ಆಗುವುದು.

ಮೊದಲು ಮಾಡಿದ್ದು

ಎಲ್ಲರಿಗೂ ಹೊಳೆಯುವ ಮೊದಲ ಉಪಾಯವನ್ನೇ ತಂಡ ಮಾಡಿತ್ತು. ಜೆಟ್ ಟಾಸ್ಕನ್ನು 7ಕ್ಕೆ, ಎಲ್ಲಕ್ಕಿಂತ ಮೇಲೆ ಇಟ್ಟರು. ಸರಾಸರಿ ವಿಳಂಬ ಚೆನ್ನಾಗಿಯೇ ಇಳಿಯಿತು. ಆದರೆ ಅಪರೂಪದ ಆ 9 ಮಿ.ಸೆ. ಹಾಗೇ ಉಳಿಯಿತು. ಜೊತೆಗೆ ಹೊಸದೊಂದು ತಲೆನೋವು ಶುರುವಾಯಿತು: ಬೆಲ್ಟ್ ವೇಗ ಆಗಾಗ ತೂಗಾಡತೊಡಗಿತು. ಜೆಟ್ ಟಾಸ್ಕ್ ಊದುವ ಕೆಲಸದ ಜೊತೆಗೆ ಪ್ರತಿ ನೂರನೇ ವಸ್ತುವಿಗೆ ಒಂದಷ್ಟು ಅಂಕಿಅಂಶವನ್ನೂ ಲೆಕ್ಕ ಹಾಕುತ್ತಿತ್ತು. ಆಗ ಅದು 2.6 ಮಿ.ಸೆ. ಹಿಡಿಯುತ್ತಿತ್ತು. ಬೆಲ್ಟ್ ಟಾಸ್ಕ್ ಪ್ರತಿ 2 ಮಿ.ಸೆ.ಗೆ ಓಡಬೇಕು. ಮೇಲೆ ಕೂತವನು 2.6 ಮಿ.ಸೆ. ಎದ್ದೇಳದಿದ್ದರೆ ಕೆಳಗಿನವನ ಒಂದು ಸರದಿ ಹೋದ ಹಾಗೇ.

ಆಮೇಲೆ ಬಂದ ಮಾತು ದೊಡ್ಡ ಪ್ರೊಸೆಸರ್ ಹಾಕೋಣ ಅನ್ನುವುದು. ಇದಕ್ಕೆ ಅಡ್ಡ ಬಂದದ್ದು ಪರದೆಯ ಮೂಲೆಯಲ್ಲೇ ತೋರಿಸುತ್ತಿದ್ದ ಲೋಡ್ ಅಂಕಿ, ಅಂದರೆ ಪ್ರೊಸೆಸರ್ ಎಷ್ಟು ಪಾಲು ಹೊತ್ತು ಕೆಲಸದಲ್ಲಿದೆ ಅನ್ನುವ ಲೆಕ್ಕ. ಅದು ಯಾವಾಗಲೂ ಶೇ. 60ರ ಆಸುಪಾಸು. ಪ್ರೊಸೆಸರ್‌ನಲ್ಲಿ ಇಷ್ಟು ಜಾಗ ಖಾಲಿ ಇರುವಾಗ ತಡ ಯಾಕೆ ಅನ್ನುವ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರಲಿಲ್ಲ. ಸಭೆ ಅಲ್ಲೇ ನಿಲ್ಲುತ್ತಿತ್ತು.

ಆ ಅಂಕಿ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಅದು ಸರಾಸರಿ. ಡೆಡ್‌ಲೈನ್ (ಕೆಲಸ ಮುಗಿಯಲೇಬೇಕಾದ ಹೊತ್ತು) ತಪ್ಪುವುದು ಸರಾಸರಿ ಹೊತ್ತಿನಲ್ಲಿ ಅಲ್ಲ, ಎಲ್ಲ ಟಾಸ್ಕೂ ಒಟ್ಟಿಗೆ ಎದ್ದು ನಿಂತ ಆ ಒಂದು ಗಳಿಗೆಯಲ್ಲಿ. 1973ರಲ್ಲಿ ಲ್ಯೂ ಮತ್ತು ಲೇಲ್ಯಾಂಡ್ ಅನ್ನುವ ಸಂಶೋಧಕರು ತೋರಿಸಿದ ಫಲಿತಾಂಶ ಇಂಥ ಸಭೆಗಳಲ್ಲಿ ಆಗಾಗ ಬರುತ್ತದೆ: ಅವಧಿ (ಎರಡು ಸರದಿಗಳ ನಡುವಿನ ಹೊತ್ತು) ಚಿಕ್ಕದಿದ್ದ ಟಾಸ್ಕಿಗೆ ಪ್ರಯಾರಿಟಿ ಜಾಸ್ತಿ ಕೊಟ್ಟರೆ, ಒಟ್ಟು ಲೋಡ್ ಶೇ. 69.3ರ ಒಳಗಿದ್ದಾಗ ಟಾಸ್ಕ್ ಎಷ್ಟೇ ಇರಲಿ ಎಲ್ಲ ಡೆಡ್‌ಲೈನೂ ಸಿಗುತ್ತವೆ. ಇಲ್ಲೂ ಯಾರೋ ಅದನ್ನು ಎತ್ತಿದರು. ಆದರೆ ಅದರ ಷರತ್ತುಗಳನ್ನು ಓದಬೇಕು. ಪ್ರಯಾರಿಟಿ ಆ ಕ್ರಮದಲ್ಲೇ ಇರಬೇಕು, ಡೆಡ್‌ಲೈನ್ ಅವಧಿಯ ಕೊನೆಯಲ್ಲಿರಬೇಕು, ಟಾಸ್ಕ್‌ಗಳು ಒಂದಕ್ಕೊಂದು ಕಾಯಬಾರದು. ಇನ್ನು ಲೋಡ್ ಅಂದರೆ ಪ್ರತಿ ಟಾಸ್ಕಿನ ಅತಿ ಕೆಟ್ಟ ಸಮಯದಿಂದ ಕಟ್ಟಿದ ಲೋಡ್. ಈ ಯಂತ್ರದಲ್ಲಿ ಅದರಲ್ಲಿ ಒಂದೂ ನಿಜವಾಗಿರಲಿಲ್ಲ.

ಒಂದು ಪಟ್ಟಿ, ಒಂದು ಪ್ರಶ್ನೆ

ನಿಜವಾದ ತಿರುವು ಬಂದದ್ದು ಸಂಖ್ಯೆಗಳನ್ನು ಸ್ವಲ್ಪ ಹೊತ್ತು ಮುಟ್ಟುವುದು ಬೇಡ ಅಂತ ತೀರ್ಮಾನಿಸಿದಾಗ. ಪ್ರತಿ ಟಾಸ್ಕಿಗೂ ನಾಲ್ಕು ವಿಷಯ ಬರೆಯಬೇಕು: ಎಷ್ಟು ಹೊತ್ತಿಗೊಮ್ಮೆ ಏಳುತ್ತದೆ, ಅತಿ ಕೆಟ್ಟ ಸ್ಥಿತಿಯಲ್ಲಿ ಎಷ್ಟು ಹೊತ್ತು ಓಡುತ್ತದೆ, ಎಷ್ಟರೊಳಗೆ ಮುಗಿಯಬೇಕು, ಯಾವುದನ್ನು ಬೇರೆಯವರ ಜೊತೆ ಹಂಚಿಕೊಳ್ಳುತ್ತದೆ.

ಮೂರನೆಯದಕ್ಕೇ ಜಾಸ್ತಿ ಜಗಳ. ಪರದೆ ಬರೆದ ಹಿರಿಯರು ಅದು ತುಂಬಾ ಮುಖ್ಯ ಅಂತ ಪಟ್ಟು ಹಿಡಿದರು. ಗ್ರಾಹಕ ಯಂತ್ರದಲ್ಲಿ ನೋಡುವುದೇ ಪರದೆಯನ್ನು, ನಿಜ. ಆಗ ಅದೇ ಕಿರಿಯ ಎಂಜಿನಿಯರ್ ಕೇಳಿದರು: ‘ಸರ್, ಮುಖ್ಯ ಅನ್ನೋದು ಸರಿ. ಆದ್ರೆ ಪರದೆ 5 ಮಿಲಿಸೆಕೆಂಡ್ ತಡ ಆದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?’ ಗೊತ್ತಾಗುವುದಿಲ್ಲ. 50 ಆದರೂ ಗೊತ್ತಾಗುವುದಿಲ್ಲ. ಹೋಸ್ಟ್ ಕಂಪ್ಯೂಟರ್ 200 ಮಿ.ಸೆ. ಕಾಯುತ್ತದೆ ಅಂತ ಅದರ ಸೆಟ್ಟಿಂಗ್‌ನಲ್ಲೇ ಬರೆದಿತ್ತು. ಅಷ್ಟು ದಿನ ಅದನ್ನು ಯಾರೂ ತೆರೆದು ನೋಡಿರಲಿಲ್ಲ, ಅಷ್ಟೇ.

ಎರಡನೆಯದಕ್ಕೆ ಅಳತೆ ಬೇಕಾಯಿತು. ಪ್ರತಿ ಟಾಸ್ಕ್ ಶುರುವಾದಾಗ ಒಂದು ಪಿನ್ ಎತ್ತಿ, ಮುಗಿದಾಗ ಇಳಿಸಿ, ಲಾಜಿಕ್ ಅನಲೈಸರ್‌ನಲ್ಲಿ (ಪಿನ್‌ಗಳ ಏರಿಳಿತವನ್ನು ಹೊತ್ತಿನ ಜೊತೆ ತೋರಿಸುವ ಉಪಕರಣ) ನೋಡಿದರು. ಚಿಪ್‌ನೊಳಗಿನ ಸೈಕಲ್ ಕೌಂಟರ್‌ನಿಂದ ಪ್ರತಿಯೊಂದರ ಗರಿಷ್ಠ ಸಮಯವನ್ನು ಹಿಡಿದಿಟ್ಟರು. ಸರಾಸರಿ ತೆಗೆಯುವ ಸಾಲನ್ನು ಬೇಕಂತಲೇ ಅಳಿಸಿ ಹಾಕಿದರು. ನನಗೆ ಅದು ತುಂಬಾ ಹಿಡಿಸಿತು.

ಅಳೆಯುವಾಗ ಇನ್ನೊಂದು ವಿಷಯ ಸಿಕ್ಕಿತು. ಸೀರಿಯಲ್ ಪೋರ್ಟ್‌ನ ಇಂಟರಪ್ಟ್ (ಹಾರ್ಡ್‌ವೇರ್ ಕರೆದ ಕೂಡಲೇ ಟಾಸ್ಕನ್ನು ನಿಲ್ಲಿಸಿ ಓಡುವ ಕೋಡ್), ಬಂದ ಸಂದೇಶವನ್ನು ಪೂರ್ತಿ ಬಿಡಿಸಿ ಓದುವ ಕೆಲಸವನ್ನು ತನ್ನೊಳಗೇ ಮಾಡುತ್ತಿತ್ತು. ಇಂಟರಪ್ಟ್ ಮುಂದೆ ಯಾವ ಟಾಸ್ಕಿನ ಪ್ರಯಾರಿಟಿಯೂ ನಡೆಯುವುದಿಲ್ಲ, 7 ಇದ್ದರೂ ಅಷ್ಟೇ. ಸಾಲದ್ದಕ್ಕೆ, ಕಾರ್ಟೆಕ್ಸ್-ಎಂನಲ್ಲಿ ಇಂಟರಪ್ಟ್‌ಗಳಿಗೆ ಚಿಕ್ಕ ಸಂಖ್ಯೆಯೇ ಮೇಲು, ಈ ಆರ್‌ಟಿಒಎಸ್ ಟಾಸ್ಕ್‌ಗಳಿಗೆ ದೊಡ್ಡದು ಮೇಲು. ಯಾರೋ ‘ಕೆಳಗಿರಲಿ’ ಅಂತ 1 ಕೊಟ್ಟಿದ್ದರು. ಅದು ಹೆಚ್ಚುಕಡಿಮೆ ತುತ್ತತುದಿಗೆ ಹೋಗಿ ಕೂತಿತ್ತು. ಇಂಟರಪ್ಟ್‌ನಲ್ಲಿ ಬೈಟ್‌ಗಳನ್ನು ಬಫರಿಗೆ ಹಾಕುವುದಷ್ಟನ್ನೇ ಉಳಿಸಿ, ಮಿಕ್ಕ ಕೆಲಸವನ್ನು ಸಂವಹನ ಟಾಸ್ಕಿಗೆ ದಾಟಿಸಿದರು.

ಪಟ್ಟಿ ಹೀಗೆ ಬಂತು. ಬೆಲ್ಟ್ 2 ಮಿ.ಸೆ.ಗೊಮ್ಮೆ 0.3 ಮಿ.ಸೆ. ಓಡುತ್ತದೆ, ಡೆಡ್‌ಲೈನ್ 2. ಜೆಟ್ 10ಕ್ಕೊಮ್ಮೆ 0.4, ಡೆಡ್‌ಲೈನ್ 3. ಇದು ಅಂಕಿಅಂಶದ ಲೆಕ್ಕವನ್ನು ಕಿತ್ತು ಲಾಗ್ ಟಾಸ್ಕಿಗೆ ಕೊಟ್ಟ ಮೇಲಿನ ಅಳತೆ. ವರ್ಗೀಕರಣ 10ಕ್ಕೊಮ್ಮೆ 2.5, ಡೆಡ್‌ಲೈನ್ 8. ಸಂವಹನ 50ಕ್ಕೊಮ್ಮೆ 4. ಪರದೆ 100ಕ್ಕೊಮ್ಮೆ 9. ಲಾಗ್ 500ಕ್ಕೊಮ್ಮೆ 15. ಕೂಡಿಸಿದರೆ ಶೇ. 64.

ಕೆಲವು ಡೆಡ್‌ಲೈನ್‌ಗಳು ಅವಧಿಗಿಂತ ಚಿಕ್ಕವಾದ್ದರಿಂದ ಅವಧಿ ನೋಡಿ ಜೋಡಿಸಲಿಲ್ಲ, ಡೆಡ್‌ಲೈನ್ ನೋಡಿ ಜೋಡಿಸಿದರು. ಯಾರಿಗೆ ಕಾಯುವ ಶಕ್ತಿ ಕಡಿಮೆಯೋ ಅವರು ಮೇಲೆ. ಟಾಸ್ಕ್‌ಗಳು ಒಂದನ್ನೊಂದು ತಡೆಯದಿದ್ದರೆ, ಇಂಥ ಕಡೆ ಸ್ಥಿರ ಪ್ರಯಾರಿಟಿಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ ಅಂತ 1982ರಲ್ಲೇ ಲ್ಯುಂಗ್ ಮತ್ತು ವೈಟ್‌ಹೆಡ್ ತೋರಿಸಿದ್ದಾರೆ. ಹೊಸ ಕ್ರಮ: ಬೆಲ್ಟ್, ಜೆಟ್, ವರ್ಗೀಕರಣ, ಸಂವಹನ, ಪರದೆ, ಲಾಗ್. ಒಂದು ಹಂತದಲ್ಲಿ ಒಂದೇ ಟಾಸ್ಕ್.

ಸರಿ ಮಾಡಿದ ಮೇಲೆ ಜಾಸ್ತಿಯಾಯಿತು

ಹೊಸ ಕ್ರಮ ಹಾಕಿ ಓಡಿಸಿದಾಗ ಬೆಲ್ಟ್ ವೇಗ ತಕ್ಷಣ ಸರಿಹೋಯಿತು. ಜೆಟ್ ಕೂಡ ಬಹುತೇಕ ಹೊತ್ತು ಕರಾರುವಾಕ್ಕು. ಆಮೇಲೆ ಯಾರೋ ಇತಿಹಾಸದ ಪುಟ ತೆರೆದರು. ಜೆಟ್ 20 ಮಿ.ಸೆ. ಹತ್ತಿರ ತಡವಾಯಿತು. ಮೊದಲಿದ್ದದ್ದು 9!

ಹಳೆಯದಕ್ಕೇ ವಾಪಸ್ ಹೋಗೋಣ ಅನ್ನುವ ಮಾತು ಬಂತು. ಬರುವುದು ಸಹಜವೇ. ಆದರೆ ತಂಡದ ಮುಖ್ಯಸ್ಥರು ಒಂದು ಒಳ್ಳೆಯ ತೀರ್ಮಾನ ತೆಗೆದುಕೊಂಡರು. ಲೆಕ್ಕದಲ್ಲಿ ಜೆಟ್‌ಗೆ 0.7 ಮಿ.ಸೆ. ಸಾಕು: ತನ್ನ ಕೆಲಸ 0.4, ಮಧ್ಯೆ ಒಮ್ಮೆ ಬರುವ ಬೆಲ್ಟ್ 0.3. ಅಳತೆಯಲ್ಲಿ 20 ಬರುತ್ತಿದೆ. ಅಂದರೆ ಪಟ್ಟಿಯಲ್ಲಿ ಇಲ್ಲದ್ದು ಏನೋ ಇದೆ, ಅದು ಸಿಗುವವರೆಗೆ ವಾಪಸ್ ಹೋಗುವುದು ಬೇಡ ಅಂದರು. ನನ್ನ ಪ್ರಕಾರ ಇಡೀ ಪ್ರಕರಣ ನಿಂತದ್ದು ಈ ಮಾತಿನ ಮೇಲೆ. ಲೆಕ್ಕ ಇಲ್ಲದೆ ಹೋಗಿದ್ದರೆ 20 ಅನ್ನುವುದು ಸುಮ್ನೆ ಇನ್ನೊಂದು ಕೆಟ್ಟ ಫಲಿತಾಂಶ ಆಗುತ್ತಿತ್ತು. ಲೆಕ್ಕ ಇದ್ದದ್ದರಿಂದ ಅದು ಸುಳಿವಾಯಿತು.

ಟಾಸ್ಕ್ ಬದಲಾದಾಗಲೆಲ್ಲ, ಲಾಕ್ (ಹಂಚಿಕೊಂಡದ್ದನ್ನು ಒಂದು ಹೊತ್ತಿಗೆ ಒಬ್ಬರೇ ಬಳಸುವಂತೆ ಮಾಡುವ ಬೀಗ) ಹಿಡಿದಾಗ ಮತ್ತು ಬಿಟ್ಟಾಗ ಮೆಮೊರಿಯಲ್ಲಿ ಒಂದು ಗುರುತು ಬರೆದಿಡುವಂತೆ ಮಾಡಿದರು. ತಡ ಆದ ಕೂಡಲೇ ಆ ದಾಖಲೆ ನಿಲ್ಲುತ್ತದೆ. ಎರಡನೇ ಸಲ ಸಿಕ್ಕಿಬಿದ್ದಾಗ ಚಿತ್ರ ಸ್ಪಷ್ಟವಾಯಿತು. ಪುಟ ತೆರೆದಾಗ ಪರದೆ ಟಾಸ್ಕ್ ಫ್ಲಾಶ್‌ನಿಂದ ಹಳೆಯ ದಾಖಲೆ ಓದುತ್ತದೆ. ಒಂದು ಸಲಕ್ಕೆ 4,096 ಬೈಟ್. ಬಸ್ ವೇಗ 4 ಮೆಗಾಹರ್ಟ್ಸ್ ಇದ್ದದ್ದರಿಂದ ಅದಕ್ಕೆ 8 ಮಿ.ಸೆ.ಗಿಂತ ಜಾಸ್ತಿ ಬೇಕು. ಅಷ್ಟು ಹೊತ್ತೂ ಬಸ್ಸಿನ ಲಾಕ್ ಅದರ ಕೈಯಲ್ಲೇ. ಜೆಟ್ ಟಾಸ್ಕ್ ಎದ್ದು ವಾಲ್ವ್ ತೆರೆಯಲು ಹೋದರೆ ಅದಕ್ಕೂ ಅದೇ ಬಸ್ ಬೇಕು. ಕಾಯುತ್ತದೆ.

ಹಳೆಯ ಕ್ರಮದಲ್ಲಿ ಪರದೆ 6ರಲ್ಲಿ ಇದ್ದದ್ದರಿಂದ ಬೇಗ ಓದಿ ಮುಗಿಸುತ್ತಿತ್ತು. 8 ಮಿ.ಸೆ. ಓದು, ಮಧ್ಯೆ ನಾಲ್ಕೈದು ಸಲ ಬೆಲ್ಟ್, ಅದೇ ಆ 9. ಹೊಸ ಕ್ರಮದಲ್ಲಿ ಪರದೆ ಕೆಳಗಿಳಿದಿದೆ. ಲಾಕ್ ಹಿಡಿದುಕೊಂಡೇ ಅದು ವರ್ಗೀಕರಣಕ್ಕೂ ಸಂವಹನಕ್ಕೂ ಜಾಗ ಬಿಡುತ್ತದೆ. ಅವರಿಗೆ ಬಸ್ಸೂ ಬೇಡ, ಜೆಟ್‌ಗಿಂತ ಅವಸರವೂ ಇಲ್ಲ. ಆದರೂ ಅವರು ಮುಗಿಸುವವರೆಗೆ ಪರದೆ ಓಡುವಂತಿಲ್ಲ, ಪರದೆ ಓಡುವವರೆಗೆ ಜೆಟ್ ಊದುವಂತಿಲ್ಲ. ಇದಕ್ಕೆ ಪ್ರಯಾರಿಟಿ ಇನ್ವರ್ಷನ್ ಅನ್ನುತ್ತಾರೆ. 1997ರಲ್ಲಿ ಮಂಗಳ ಗ್ರಹದ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಗುತ್ತಿದ್ದದ್ದೂ ಇದರಿಂದಲೇ. ಅಲ್ಲಿ ಕೆಳಗಿನ ಪ್ರಯಾರಿಟಿಯ ಹವಾಮಾನದ ಟಾಸ್ಕ್ ಒಂದು ಮ್ಯೂಟೆಕ್ಸ್ (ಒಂದು ಬಗೆಯ ಲಾಕ್) ಹಿಡಿದಿರುವಾಗ ಮಧ್ಯದ ಟಾಸ್ಕ್‌ಗಳು ಅದನ್ನು ತಡೆದು, ಬಸ್ ನೋಡಿಕೊಳ್ಳುವ ಮೇಲಿನ ಟಾಸ್ಕ್ ಹೊತ್ತಿಗೆ ಮುಗಿಯುತ್ತಿರಲಿಲ್ಲ. ಆ ಮ್ಯೂಟೆಕ್ಸ್‌ಗೆ ಪ್ರಯಾರಿಟಿ ಇನ್ಹೆರಿಟೆನ್ಸ್ (ಲಾಕ್ ಹಿಡಿದವರಿಗೆ ಕಾಯುತ್ತಿರುವವರ ಪ್ರಯಾರಿಟಿ ಸಿಗುವುದು) ಆನ್ ಮಾಡಿ, ಭೂಮಿಯಿಂದಲೇ ಸರಿಪಡಿಸಿದರು.

ಇಲ್ಲಿ ಲಾಕ್ ಆಗಿ ಬಳಸಿದ್ದು ಬೈನರಿ ಸೆಮಫೋರ್, ಅಂದರೆ ಇದೆ-ಇಲ್ಲ ಅಂತಷ್ಟೇ ತಿಳಿಸುವ ಗುರುತು. ಅದರಲ್ಲಿ ಇನ್ಹೆರಿಟೆನ್ಸ್ ಇಲ್ಲ. ಜನಪ್ರಿಯ ಆರ್‌ಟಿಒಎಸ್ ಆದ ಫ್ರೀಆರ್‌ಟಿಒಎಸ್‌ನಲ್ಲೂ ಹೀಗೇ, ಮ್ಯೂಟೆಕ್ಸ್‌ಗೆ ಇದೆ, ಬೈನರಿ ಸೆಮಫೋರ್‌ಗೆ ಇಲ್ಲ. ನೋಡಲು ಎರಡೂ ಒಂದೇ ಥರ ಇರುವುದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ.

ಒಂದು ಸಾಲಿನ ಉತ್ತರ ಸಾಲಲಿಲ್ಲ

ಸೆಮಫೋರ್ ತೆಗೆದು ಮ್ಯೂಟೆಕ್ಸ್ ಹಾಕಿದರೆ ಲಾಕ್ ಹಿಡಿದವರು ಕಾಯುತ್ತಿರುವವರ ಪ್ರಯಾರಿಟಿ ಪಡೆದು ಬೇಗ ಮುಗಿಸುತ್ತಾರೆ. ಒಂದೇ ಸಾಲಿನ ಬದಲಾವಣೆ. ಅಷ್ಟಕ್ಕೇ ಬಿಡುಗಡೆ ಮಾಡೋಣ ಅಂತ ಅರ್ಧ ತಂಡ ಹೇಳಿತು. ಆದರೆ ಇನ್ಹೆರಿಟೆನ್ಸ್ ಮಾಡುವುದು ಇಷ್ಟೇ: ಸಂಬಂಧ ಇಲ್ಲದ ಮಧ್ಯದವರನ್ನು ದೂರ ಇಡುತ್ತದೆ. ಲಾಕ್ ಹಿಡಿದವನೇ 8 ಮಿ.ಸೆ. ಹಿಡಿದರೆ ಅದಕ್ಕೆ ಏನೂ ಮಾಡುವುದಿಲ್ಲ. 20 ಇದ್ದದ್ದು ಮತ್ತೆ 9ಕ್ಕೆ ಬರುತ್ತದೆ. ನಮಗೆ ಬೇಕಾದದ್ದು 3.

ಹಾಗಾಗಿ ಲಾಕ್ ಹಿಡಿಯುವ ಸಮಯದ ಮೇಲೆ ಕೈ ಹಾಕಬೇಕಾಯಿತು. ಓದುವುದನ್ನು 256 ಬೈಟ್‌ಗಳ ತುಂಡು ಮಾಡಿ, ತುಂಡಿಗೊಮ್ಮೆ ಲಾಕ್ ಬಿಟ್ಟು ಮತ್ತೆ ಹಿಡಿಯುವಂತೆ ಬರೆದರು. ಒಂದು ತುಂಡಿಗೆ ಸುಮಾರು 0.5 ಮಿ.ಸೆ.

ಲಾಗ್ ಟಾಸ್ಕಿನಲ್ಲಿ ಇನ್ನೂ ಸೂಕ್ಷ್ಮವಾದ ಒಂದು ವಿಷಯ ಇತ್ತು. ಅದು ಮೊದಲೇ 256 ಬೈಟ್‌ಗಳ ಪುಟದ ಲೆಕ್ಕದಲ್ಲಿ ಬರೆಯುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಆದರೆ ಪುಟ ಕಳಿಸಿದ ಮೇಲೆ ಫ್ಲಾಶ್ ತನ್ನೊಳಗೆ ಅದನ್ನು ಬರೆದು ಮುಗಿಸುವವರೆಗೂ ‘ಆಯ್ತಾ, ಆಯ್ತಾ’ ಅಂತ ಕೇಳುತ್ತಾ ಲಾಕ್ ಹಿಡಿದೇ ಕೂರುತ್ತಿತ್ತು. ಆ ಚಿಪ್‌ನ ಡೇಟಾಶೀಟ್ ಪ್ರಕಾರ ಇದು ಸಾಮಾನ್ಯವಾಗಿ 1 ಮಿ.ಸೆ. ಒಳಗೆ ಮುಗಿಯುತ್ತದೆ, ಕೆಟ್ಟ ಸ್ಥಿತಿಯಲ್ಲಿ 3 ಆಗಬಹುದು. ಅಂದರೆ ಲಾಕ್ 3.5 ಮಿ.ಸೆ.ವರೆಗೆ ಸಿಗದೆ ಹೋಗಬಹುದು. ಟೆಸ್ಟ್‌ನಲ್ಲಿ ಇದು ಒಮ್ಮೆಯೂ ಕಾಣಲಿಲ್ಲ. ಲೆಕ್ಕದಲ್ಲಿ ಮಾತ್ರ ಕಂಡಿತು.

ಆ ಲೆಕ್ಕ 1986ರಲ್ಲಿ ಜೋಸೆಫ್ ಮತ್ತು ಪಾಂಡ್ಯ ಕೊಟ್ಟ ದಾರಿಯದ್ದು, ಮುಂದೆ ಅದಕ್ಕೆ ಲಾಕ್‌ಗೆ ಕಾಯುವ ಸಮಯವನ್ನೂ ಸೇರಿಸಿಕೊಂಡಿದ್ದಾರೆ. ಟಾಸ್ಕಿನ ಸ್ವಂತ ಕೆಲಸ, ಕೆಳಗಿನವರ ಲಾಕ್‌ಗೆ ಕಾಯುವ ಸಮಯ, ಆ ಅವಧಿಯಲ್ಲಿ ಮೇಲಿನವರು ಎಷ್ಟು ಸಲ ಬರುತ್ತಾರೋ ಅಷ್ಟು ಸಲ ಅವರ ಕೆಲಸ, ಮೂರನ್ನೂ ಕೂಡಿಸಬೇಕು. ಬಂದ ಉತ್ತರ ಹಾಕಿ ಮತ್ತೆ ಕೂಡಿಸಬೇಕು, ಬದಲಾಗದೆ ನಿಲ್ಲುವವರೆಗೆ. ಜೆಟ್‌ಗೆ 0.4, ಲಾಕ್‌ಗೆ 3.5, ಒಟ್ಟು 3.9. ಆ ಅವಧಿಯಲ್ಲಿ ಬೆಲ್ಟ್ ಎರಡು ಸಲ, 4.5 ಆಯಿತು. 4.5 ಅಂದರೆ ಬೆಲ್ಟ್ ಮೂರು ಸಲ, 4.8. ಅಲ್ಲಿಗೆ ನಿಂತಿತು. 3ರ ಡೆಡ್‌ಲೈನ್ ತಪ್ಪಿತು.

ಪರಿಹಾರ ಸುಲಭವಿತ್ತು. ಫ್ಲಾಶ್ ತನ್ನೊಳಗೆ ಬರೆಯುವಾಗ ಅದಕ್ಕೆ ಬಸ್ ಬೇಕಿಲ್ಲ. ಪುಟ ಕಳಿಸಿ ಲಾಕ್ ಬಿಡುವುದು, ಸ್ವಲ್ಪ ಹೊತ್ತು ಮಲಗುವುದು, ಮತ್ತೆ ಲಾಕ್ ಹಿಡಿದು ಮುಗಿಯಿತಾ ಅಂತ ಕೇಳಿ ಬಿಡುವುದು. ಅಲ್ಲಿಗೆ ಬಸ್ಸನ್ನು ಯಾರೂ 0.6 ಮಿ.ಸೆ.ಗಿಂತ ಹೆಚ್ಚು ಹಿಡಿಯುವುದಿಲ್ಲ. ಮತ್ತೆ ಲೆಕ್ಕ: 0.4, 0.6, ಬೆಲ್ಟ್ ಒಂದು ಸಲ 0.3. ಒಟ್ಟು 1.3. ಬೇಕಂತಲೇ ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿ ಓಡಿಸಿದಾಗ ಅಳತೆಯಲ್ಲಿ ಗರಿಷ್ಠ 1.2 ಬಂತು. ಇವೆರಡು ಹತ್ತಿರ ಬಂದ ದಿನ ತಂಡಕ್ಕೆ ನಿದ್ದೆ ಬಂದಿರಬೇಕು.

ಸಂವಹನದ ಕೆಟ್ಟ ಸ್ಥಿತಿ ಲೆಕ್ಕದಲ್ಲಿ 9 ಮಿ.ಸೆ. ಹೋಸ್ಟ್ ಕಾಯುವುದು 200. ಇಷ್ಟು ವರ್ಷ ಅದನ್ನು ಮೇಲೆ ಕೂರಿಸಿದ್ದಕ್ಕೆ ಕಾರಣವೇ ಇರಲಿಲ್ಲ.

ಉಳಿದದ್ದು

ಈಗ ಆ ಕೋಡ್‌ನಲ್ಲಿ ಪ್ರಯಾರಿಟಿ ಸಂಖ್ಯೆಯನ್ನು ಯಾರೂ ಕೈಯಿಂದ ಬರೆಯುವುದಿಲ್ಲ. ಪಟ್ಟಿ ಇದೆ, ಡೆಡ್‌ಲೈನ್ ಪ್ರಕಾರ ಜೋಡಿಸಿ ಸಂಖ್ಯೆ ತಾನಾಗೇ ಬರುತ್ತದೆ. ಹೊಸ ಟಾಸ್ಕ್ ಸೇರಿಸುವವರು ನಾಲ್ಕೂ ಕಾಲಂ ತುಂಬಬೇಕು. ‘ಆದಷ್ಟು ಬೇಗ’ ಅಂತ ಬರೆದರೆ ವಾಪಸ್ ಬರುತ್ತದೆ. ನನಗೆ ಕೇಳಿದರೆ ಇದಕ್ಕಿಂತ ದೊಡ್ಡ ಲಾಭ ಲಾಕ್‌ಗಳಿಗೆ ಹಾಕಿದ ಮಿತಿ. ಟೆಸ್ಟ್ ಬಿಲ್ಡ್‌ನಲ್ಲಿ ಯಾರಾದರೂ ಬಸ್ಸನ್ನು 0.6 ಮಿ.ಸೆ. ಮೀರಿ ಹಿಡಿದರೆ ಯಂತ್ರ ಅಲ್ಲೇ ನಿಂತು ಆ ಟಾಸ್ಕಿನ ಹೆಸರು ತೋರಿಸುತ್ತದೆ. ಪ್ರಯಾರಿಟಿ ಬಗ್ಗೆ ವಾದ ಮಾಡುವವರು ಬೇಕಾದಷ್ಟು ಜನ. ಲಾಕ್ ಎಷ್ಟು ಹೊತ್ತು ಹಿಡಿಯುತ್ತೀರಿ ಅಂತ ಕೇಳುವವರು ಕಡಿಮೆ.

ಎಲ್ಲರೂ ಒಪ್ಪಿದರು ಅಂತಲ್ಲ. ಬಸ್ಸಿಗೆ ಲಾಕೇ ಬೇಡ, ಅದನ್ನು ಒಂದೇ ಟಾಸ್ಕಿಗೆ ಒಪ್ಪಿಸಿ ಮಿಕ್ಕವರು ಅದರ ಸಾಲಿನಲ್ಲಿ ಕೋರಿಕೆ ಹಾಕಲಿ ಅಂತ ಒಬ್ಬರು ಕೊನೆಯವರೆಗೂ ಹೇಳಿದರು. ತಪ್ಪಲ್ಲ. ಆದರೆ ಆ ಸಾಲಿನೊಳಗೂ ಯಾರು ಮೊದಲು ಅನ್ನುವ ಪ್ರಶ್ನೆ ಬರುತ್ತದೆ, ಕೆಲಸದಲ್ಲಿರುವ ಯಂತ್ರಗಳಿಗೆ ಅಷ್ಟು ದೊಡ್ಡ ಬದಲಾವಣೆ ಕಳಿಸಲು ಧೈರ್ಯ ಸಾಲಲಿಲ್ಲ.

ಇತಿಹಾಸದ ಪುಟ ತೆರೆಯುವುದು ನಿಧಾನವಾಯಿತು. ಆಪರೇಟರ್‌ಗಳಿಗೆ ಅದು ಗೊತ್ತಾಯಿತು, ದೂರೂ ಬಂತು. ಈ ಸಲ ಪರದೆಯ ಪ್ರಯಾರಿಟಿ ಏರಿಸಲಿಲ್ಲ. ಪುಟದ ಚೌಕಟ್ಟನ್ನು ಮೊದಲು ಬಿಡಿಸಿ, ದಾಖಲೆಗಳನ್ನು ಬಂದ ಹಾಗೆ ತುಂಬಿಸುವಂತೆ ಮಾಡಿದರು. ದೂರು ನಿಂತಿತು.

ಮುಂದಿನ ಬೋರ್ಡ್‌ನಲ್ಲಿ ವಾಲ್ವ್‌ನ ತಂತಿ ಎಸ್‌ಪಿಐ ಬಿಟ್ಟು ನೇರವಾಗಿ ಟೈಮರ್‌ನ ಪಿನ್‌ಗೆ ಹೋಗುತ್ತಿದೆ. ಇಂಥ ಹೊತ್ತಿಗೆ ತೆರೆ ಅಂತ ಮೊದಲೇ ಟೈಮರ್‌ನಲ್ಲಿ ಬರೆದಿಟ್ಟರೆ ಹಾರ್ಡ್‌ವೇರ್ ತಾನೇ ತೆರೆಯುತ್ತದೆ. ಸೆನ್ಸರ್‌ನಿಂದ ಜೆಟ್‌ಗೆ ವಸ್ತು ಬರಲು 30 ಮಿ.ಸೆ. ಬೇಕು, ವರ್ಗೀಕರಣಕ್ಕೆ 8 ಬಿಟ್ಟರೂ ಜೆಟ್ ಟಾಸ್ಕಿಗೆ 20ಕ್ಕೂ ಹೆಚ್ಚು ಉಳಿಯುತ್ತದೆ. ಅದರ ಡೆಡ್‌ಲೈನ್ 3ರಿಂದ 20 ಆಗುತ್ತದೆ, ಹೊಸ ಪಟ್ಟಿಯಲ್ಲಿ ಅದು ವರ್ಗೀಕರಣದ ಕೆಳಗೆ ಇಳಿಯುತ್ತದೆ.